ಉಳಿಸಿಟ್ಟ ಚೂರು

ತಿಳಿದವರು ಮನ್ನಿಸಬೇಕು. ಯಕೃತ್ತು, ಪಿತ್ತನಾಳ, ಮೇದೋಜೀರಕಗಳ ಗೆಡ್ಡೆಗಳ ಬಗ್ಗೆ ಹೇಳಲು ಡಾಕ್ಟರುಗಳಿದ್ದಾರೆ. ಇಲ್ಲಿ ಹೇಳಹೊರಟಿರುವುದು ಆ ಗೆಡ್ಡೆಗಳನ್ನು ಡಾಕ್ಟರ ಕಣ್ಣಿಗೆ ಕಾಣಿಸುವ ಒಂದು ಕೈಯ ಬಗ್ಗೆ. ವಿವರದಲ್ಲಿ ಎಡವಿದರೆ ತಪ್ಪು ಬರವಣಿಗೆಯದು, ಆ ಕೈಯದಲ್ಲ.

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಮೇಣದಕ್ಕ ಕೂತಾಗಿದೆ. ಈ ಹೆಸರಿಟ್ಟವರು ಜೊತೆಯ ಕೆಲಸಗಾರರು. ರೋಗಿಗಳ ಮೈಯಿಂದ ತೆಗೆದ ಚೂರುಗಳು ಮೇಣದಲ್ಲಿ ಹುದುಗಿ, ಮಂಜುಗಡ್ಡೆಯ ಮೇಲೆ ಸಾಲಾಗಿವೆ. ಒಂದನ್ನು ಯಂತ್ರಕ್ಕೆ ಸಿಕ್ಕಿಸಿ, 'ಹಾ' ಎಂದು ಬಿಸಿಯುಸಿರು ತಾಗಿಸಿ, ಹಿಡಿ ತಿರುಗಿಸುತ್ತಾರೆ. ಅಲಗಿನಿಂದ ಈರುಳ್ಳಿಯ ಪೊರೆಗಿಂತ ತೆಳುವಾದ ಪಟ್ಟಿ ಇಳಿಯುತ್ತದೆ. ಅದನ್ನು ಬೆಚ್ಚನೆ ನೀರಿನಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವವರು ಲ್ಯಾಬಿನ ಡಾಕ್ಟರಮ್ಮ.

"ಉಸಿರು ತಾಗಿಸದಿದ್ರೆ ಮೇಣ ಬಿರಿಯುತ್ತೆ, ಕೊಯ್ದಾದ್ಮೇಲೆ ಉಸಿರು ಬಿಟ್ರೆ ಪಟ್ಟಿ ಹಾರಿಹೋಗುತ್ತೆ. ಇಲ್ಲಿ ಸೀನೋಕೂ ಡಾಕ್ಟರಮ್ಮನ ಅಪ್ಪಣೆ ಬೇಕು" ಎಂದು ನಗುತ್ತಾರೆ.

ಗಾಜು ತೊಳೆಯಲು ಸೇರಿದ ಮೇಣದಕ್ಕ ನೋಡಿ ನೋಡಿ ಕೊಯ್ಯುವುದನ್ನು ಕಲಿತರು. ಮನೆಯಲ್ಲಿ ಆಗ ಅಂಬೆಗಾಲಿಡುವ ತಮ್ಮನಿದ್ದ. ತಾಯಿ ತೀರಿಹೋಗಿದ್ದರು. ಚೂರು ಕೆಡದಂತೆ ಇಡುವ ಫಾರ್ಮಾಲಿನ್ ದ್ರವದ ವಾಸನೆಗೆ ಮೂಗು ಮುಚ್ಚಿಕೊಂಡೇ ಅವನು ಅಕ್ಕನ ಮಡಿಲಲ್ಲಿ ಬೆಳೆದ, ಬಸ್ ಡ್ರೈವರ್ ಆದ.

"ಎಲ್ಲಕ್ಕಿಂತ ಕಳ್ಳ ಅಂದ್ರೆ ಪಿತ್ತನಾಳದ ಗೆಡ್ಡೆ" ಎನ್ನುತ್ತಾರೆ. ಹಳೆ ಗಾಯದ ಕಲೆಯಂಥ ನಾರಿನ ನಡುವೆ ಕೆಟ್ಟ ಜೀವಕೋಶಗಳು ಅಲ್ಲೊಂದು ಇಲ್ಲೊಂದು ಅವಿತಿರುತ್ತವೆ. ಪರೀಕ್ಷೆಗೆ ಬರುವ ಚೂರೋ ಸಾಸಿವೆಕಾಳಿನಷ್ಟು. ಮೇಲ್ಮೇಲೆ ಕೊಯ್ದು ನಿಲ್ಲಿಸಿದರೆ ಒಳಗಿನದು ಕಾಣುವುದಿಲ್ಲ. ಆಳಕ್ಕಿಳಿದರೆ ಚೂರೇ ಮುಗಿಯುತ್ತದೆ.

ಕಳೆದ ವರ್ಷ ತಮ್ಮನ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತು. ಅವನ ಪಿತ್ತನಾಳದ ಚೂರು ಇದೇ ಮೇಜಿಗೆ ಬಂತು.

"ಇದನ್ನ ನೀವು ಮುಟ್ಬೇಡಿ, ಹೊರಗೆ ಕಳಿಸೋಣ" ಅಂದರು ಡಾಕ್ಟರಮ್ಮ.

"ಎತ್ತಿ ಆಡಿಸಿದ ಮಗು ಮೇಡಂ. ಕಂಡೋರ ಕೈಗೆ ಕೊಡಲ್ಲ."

ಅವರೇ ಕೊಯ್ದರು. ಆದರೆ ಎಂದೂ ಅಳುಕದ ಕೈ ಅಂದು ಹಿಡಿ ತಿರುಗಿಸುವುದನ್ನು ಬೇಗ ನಿಲ್ಲಿಸಿತು. "ಅವನದೇ ಮಾಂಸ ಅಲ್ವಾ. ಜಾಸ್ತಿ ಕೊಯ್ಯೋಕೆ ಮನಸ್ಸು ಬರ್ಲಿಲ್ಲ. ಸ್ವಲ್ಪ ಉಳೀಲಿ ಅನ್ನಿಸ್ತು" ಎಂದು ಈಗ ಹೇಳುತ್ತಾರೆ. ಆ ಕೈಯನ್ನು ನಂಬಿದ ಡಾಕ್ಟರಮ್ಮ ಎಷ್ಟು ಆಳಕ್ಕೆ ಕೊಯ್ದದ್ದು ಎಂದು ಕೇಳಲಿಲ್ಲ. ಬರೀ ಉರಿಯೂತ, ಗೆಡ್ಡೆ ಕಾಣುತ್ತಿಲ್ಲ ಎಂದು ವರದಿ ಹೋಯಿತು. ತಮ್ಮನ ಹೆಂಡತಿ ಇವರನ್ನು ತಬ್ಬಿಕೊಂಡು ಅತ್ತಳು.

ಕಣ್ಣಿನ ಹಳದಿ ಮಾತ್ರ ಇಳಿಯಲಿಲ್ಲ. ಕೆಲವು ವಾರ ಕಳೆದ ಮೇಲೆ ಮೇಣದಕ್ಕ ಕಪಾಟಿನಿಂದ ಆ ಮೇಣದ ತುಂಡು ತೆಗೆದು ಡಾಕ್ಟರಮ್ಮನ ಮುಂದೆ ಇಟ್ಟರು. "ಮೇಲ್ಮೇಲೆ ಕೊಯ್ದಿದ್ದೆ ಮೇಡಂ. ಒಳಗೆ ಇನ್ನೂ ಇದೆ."

ಇನ್ನಷ್ಟು ಆಳಕ್ಕೆ ಕೊಯ್ದು ತಂದ ಪಟ್ಟಿಯನ್ನು ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತಲೆಯೆತ್ತದೆಯೇ "ಹೌದು, ಗೆಡ್ಡೆಯೇ" ಅಂದರು.

ಹೊಟ್ಟೆ ತೆರೆದಾಗ ಗೆಡ್ಡೆ ಯಕೃತ್ತಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿತ್ತು. ತೆಗೆಯಲಾಗದೆ ಹಾಗೆಯೇ ಹೊಲಿದರು.

ಈಗ ಕೆಲಸ ಮುಗಿಸಿ ಮೇಣದಕ್ಕ ನೇರ ಹೋಗುವುದು ತಮ್ಮನ ಹಾಸಿಗೆಯ ಬಳಿಗೆ. ಒಂದನ್ನೂ ಮುಚ್ಚಿಡದೆ ಅವನಿಗೆ ಹೇಳಿದ್ದಾರೆ.

"ಬದನೆಕಾಯಿನ ಹೆಬ್ಬೆರಳು ದಪ್ಪ ಹೆಚ್ಚೋಳು, ನನ್ನನ್ನ ಮಾತ್ರ ಅಷ್ಟು ನಾಜೂಕಾಗಿ ಕೊಯ್ದಿದ್ದೀಯಲ್ಲೇ ಅಕ್ಕ!"

"ಬಾಯ್ಮುಚ್ಕೊಂಡು ಮಾತ್ರೆ ನುಂಗೋ, ಕತ್ತೆ."

ಅವನು ನುಂಗುತ್ತಾನೆ. ಅವರು ಅವನ ಗಲ್ಲ ಒರೆಸುತ್ತಾರೆ.

ಅವರಿಗೆ ಈಗಿರುವ ಆಸೆ ಒಂದೇ: "ಚೂರು ಯಾರದ್ದು ಅಂತ ನನಗೆ ಯಾರೂ ಹೇಳಬಾರದು. ಗೊತ್ತಿಲ್ಲದೋರದನ್ನ ನಾನು ಚೆನ್ನಾಗಿ ಕೊಯ್ತೀನಿ."

ಮೊದಲ ಸಲವೇ ಆಳಕ್ಕೆ ಕೊಯ್ದಿದ್ದರೆ ಗೆಡ್ಡೆಯನ್ನು ತೆಗೆಯಲು ಆಗುತ್ತಿತ್ತೇ? ಆಗಲೇ ಸುತ್ತಿಕೊಂಡಿದ್ದಿರಬಹುದು ಎನ್ನುತ್ತಾರೆ ಡಾಕ್ಟರಮ್ಮ. ಇರಲಿಕ್ಕಿಲ್ಲ ಎಂದೂ ಅನ್ನುತ್ತಾರೆ. ಅವರಿಗೆ ತಿಳಿಯದು, ಮೇಣದಕ್ಕನಿಗೆ ತಿಳಿಯದು. ಇದನ್ನು ಬರೆಯುವವರಿಗೂ ತಿಳಿಯದು.