ಮಾವನ ಬೆರಳಿಗೆ ನಾಲ್ಕು ಟೇಪು

ನನ್ನ ತವರು ಚಳ್ಳಕೆರೆ. ಮೊಳಕಾಲ್ಮೂರಿನ ಮಗ್ಗದ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಊಟ, ಮಾತು, ನಡುನಡುವೆ ನುಸುಳುವ ತೆಲುಗು, ಎಲ್ಲಕ್ಕೂ ಒಗ್ಗಿಕೊಂಡಿದ್ದೇನೆ. ಶೇಂಗಾ ಎಣ್ಣೆಯ ವಿಷಯದಲ್ಲಿ ಮಾತ್ರ ನಾನು ಇನ್ನೂ ಚಳ್ಳಕೆರೆಯವಳೇ. ನಮ್ಮ ತವರಿನ ಬೀದಿಯ ಮಿಲ್ಲಿನ ಎಣ್ಣೆ ಬಿಟ್ಟು ಬೇರೆಯದರಲ್ಲಿ ಒಗ್ಗರಣೆ ಹಾಕಿದರೆ ನನಗೆ ಊಟ ಸೇರದು. ಅದಕ್ಕೇ ಅವ್ವ ಎರಡು ಮೂರು ತಿಂಗಳಿಗೊಮ್ಮೆ ಒಂದು ತಗಡಿನ ಡಬ್ಬಿ ಕಳಿಸುತ್ತಾಳೆ. ಚಳ್ಳಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡ ಅದನ್ನು ಹೊತ್ತು ತರುತ್ತಾನೆ.

ಹೋದ ವರ್ಷ ಅಂಥದೊಂದು ಡಬ್ಬಿ ಬಂದ ಮಾರನೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದೆ. ಕೆಳಗೆ ಟಣ್ ಟಣ್ ಎಂದು ಸದ್ದು. ಇಳಿದು ಬರುವಷ್ಟರಲ್ಲಿ ನಮ್ಮ ಮಾವ ಉಳಿ, ಸುತ್ತಿಗೆ ಹಿಡಿದು ಡಬ್ಬಿಯ ಮೂಲೆ ಕತ್ತರಿಸಿ, ಆ ಚೂಪು ತಗಡನ್ನು ಬೆರಳಿನಿಂದಲೇ ಮೇಲೆತ್ತುತ್ತಿದ್ದರು. ಎತ್ತಿದ್ದೂ ಆಯಿತು, ಬಲಗೈ ತೋರುಬೆರಳು ಕೊಯ್ದುಕೊಂಡದ್ದೂ ಆಯಿತು. ಎಣ್ಣೆ ಒಂದು ಕಡೆ, ರಕ್ತ ಒಂದು ಕಡೆ.

“ಏಂ ಕಾದಮ್ಮ, ಏನೂ ಆಗಿಲ್ಲ,” ಎಂದರು ಮಾವ, ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.

ಅಷ್ಟರಲ್ಲಿ ಅತ್ತೆ ಬಂದರು. “ಈ ಸೀರೆ ಮಗ್ಗದಿಂದ ಇಳಿಯೋತನಕ ಕೈ ಜ್ವಾಪಾನ ಅಂತ ಎಷ್ಟು ಸಲ ಬಡ್ಕಂಡೆ! ನಿಮಗೆ ಯಾರ್ರೀ ಹೇಳಿದ್ದು ಡಬ್ಬಿ ತೆಗಿಯಾಕೆ?” ಎಂದು ಮಾವನನ್ನು ಬೈದು, ನನ್ನ ಕಡೆ ತಿರುಗಿ, “ನಿಮ್ಮವ್ವನ ಎಣ್ಣೆ ನಮ್ಮನೆ ರಕ್ತ ಕುಡೀತು ನೋಡು,” ಎಂದರು. ಬಾಯಲ್ಲಿ ಸಿಟ್ಟು, ಕೈಯಲ್ಲಿ ಆಗಲೇ ಅರಿಸಿನದ ಡಬ್ಬಿ.

ಅತ್ತೆ ಹೆದರಿದ್ದಕ್ಕೆ ಕಾರಣವಿತ್ತು. ಮಗ್ಗದ ಮೇಲಿದ್ದದ್ದು ಹಾಲಿನ ಬಣ್ಣದ ರೇಷ್ಮೆ ಸೀರೆ, ಕುಂಕುಮಗೆಂಪಿನ ಅಂಚು. ಒಂದು ಅಂಚಿಗೆ ಒಂದು, ಮೈಗೆ ಒಂದು, ಇನ್ನೊಂದು ಅಂಚಿಗೆ ಒಂದು ಎಂದು ಮೂರು ಲಾಳಿ ಓಡಿಸಿ ನೇಯುವ ಕೆಲಸ. ಎಳೆ ಹರಿದರೆ ಹುಡುಕಿ ಗಂಟು ಹಾಕುವುದು ಅದೇ ತೋರುಬೆರಳು. ಅದು ಸುಮ್ಮನೆ ಕೂರುವಂತಿಲ್ಲ. ಕೆಲಸಕ್ಕೆ ಹೋದರೆ ಹಾಲುಬಣ್ಣದ ಮೇಲೆ ಒಂದು ಹನಿ ರಕ್ತ ಬಿದ್ದರೂ ಸೀರೆ ಕೆಟ್ಟಂತೆ. ಹತ್ತು ದಿನದಲ್ಲಿ ಇಳಿಸಿಕೊಡುತ್ತೇನೆಂದು ಸೀರೆ ನೇಯಿಸಿದವರಿಗೆ ಮಾವ ಮಾತು ಬೇರೆ ಕೊಟ್ಟಿದ್ದರು.

ಅರಿಸಿನವನ್ನು ಹೇಗೋ ತಪ್ಪಿಸಿ, ಒಗೆದ ಬಟ್ಟೆಯಿಂದ ಗಾಯ ಅದುಮಿ ಹಿಡಿದೆ. ಐದಾರು ನಿಮಿಷಕ್ಕೆ ರಕ್ತ ನಿಂತಿತು. ನಲ್ಲಿಯ ಕೆಳಗೆ ತೊಳೆದೆ. ಗಾಯ ಉದ್ದವಿದ್ದರೂ ಆಳವಿರಲಿಲ್ಲ. ಮನೆಯಲ್ಲಿ ಯಾವಾಗಲೋ ತಂದಿಟ್ಟಿದ್ದ ಬಿಳಿ ಕಾಗದದ ಟೇಪು ಇತ್ತು. ಅದನ್ನು ಅಂಟಿಸಿದೆ, ಅದು ಜಾರಿತು. ಮತ್ತೆ ಅಂಟಿಸಿದೆ, ಮತ್ತೆ ಜಾರಿತು. ಬೆರಳಿನ ತುಂಬ ಎಣ್ಣೆ ಇನ್ನೂ ಹಾಗೇ ಇದೆ ಎಂದು ನನ್ನ ತಲೆಗೆ ಹೊಳೆದದ್ದು ಮೂರನೆಯ ತುಂಡು ಹಾಳಾದ ಮೇಲೆ. ಸೋಪು ಹಚ್ಚಿ ಒರೆಸಿ ಅಂಟಿಸಿದಾಗ ನಿಂತಿತು, ಮಧ್ಯಾಹ್ನದವರೆಗೆ.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಚಮಚ ಕೊಟ್ಟೆ.

“ಚಮಚದಾಗೆ ಮುದ್ದೆ ಉಣ್ಣೋದಾ? ಯಾರಾದ್ರೂ ನೋಡಿದ್ರೆ ನಗ್ತಾರೆ ಕಣಮ್ಮ,” ಎಂದು ಮಾವ ಎಂದಿನಂತೆ ಮುದ್ದೆ ಮುರಿದು ಸಾರಿಗೆ ಅದ್ದಿದರು. ನಾಲ್ಕನೆಯ ತುತ್ತಿಗೆ ಅವರ ದವಡೆ ನಿಂತಿತು. ಮೆಲ್ಲಗೆ ಬಾಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಕಾಗದದ ಟೇಪು.

ಅತ್ತೆ ನಗು ತಡೆಯಲಾರದೆ ಅಡುಗೆಮನೆಗೆ ಎದ್ದು ಹೋದರು.

ಸಂಜೆ ಗಂಡ ಬರುವಾಗ ಗಟ್ಟಿ ಟೇಪು ತಾ ಎಂದು ಫೋನ್ ಮಾಡಿದೆ. ಬಟ್ಟೆಯ ಟೇಪು ತಂದ. ಅದರ ಅಂಟು ಭದ್ರವಾಗಿತ್ತು. ಆದರೆ ಕೈಯಿಂದ ಹರಿದ ಕಡೆ ಸಣ್ಣ ಸಣ್ಣ ನೂಲು ಬಿಟ್ಟುಕೊಂಡಿತ್ತು. ನೋಡುವವರಿಗೆ ಅದು ಲೆಕ್ಕಕ್ಕಿಲ್ಲ, ರೇಷ್ಮೆಗೆ ಲೆಕ್ಕ. ಮಾರನೆಯ ದಿನ ಮಾವ ಮಗ್ಗಕ್ಕೆ ಕುಳಿತು ಎಳೆ ಮುಟ್ಟಿದ್ದೇ ತಡ, ಟೇಪಿನ ಅಂಚು ನಾಲ್ಕಾರು ಎಳೆಗಳನ್ನು ಹಿಡಿದೆಳೆಯಿತು. ಬಿಡಿಸಿಕೊಳ್ಳಲು ಬೆರಳು ಕೊಡವಿದರು, ಗಾಯ ಬಾಯಿ ಬಿಟ್ಟಿತು. ಒಂದು ಹನಿ ಅವರ ಪಂಚೆಯ ಮೇಲೆ ಬಿತ್ತು. ಸೀರೆಗೂ ಆ ಹನಿಗೂ ಒಂದು ಗೇಣು ದೂರ ಅಷ್ಟೇ. ಮಾವ ಲಾಳಿ ಕೆಳಗಿಟ್ಟು ಮಗ್ಗದಿಂದ ಎದ್ದರು. ಆ ಡಬ್ಬಿಯನ್ನು ನಾನೇ ತೆರೆದಿಟ್ಟು ಮಾಳಿಗೆಗೆ ಹೋಗಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದು ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಾವ ಲವಲವಿಕೆಯಿಂದ ಮಗ್ಗದಲ್ಲಿ ಕುಳಿತಿದ್ದಾರೆ. ಬೆರಳಿಗೆ ಬುಡದಿಂದ ತುದಿಯವರೆಗೆ ಕರೀ ಹೊದಿಕೆ. ಮೋಟಾರಿನ ವೈರಿಗೆ ಸುತ್ತುವ ಟೇಪು!

“ನೀರು ಹೋಗಲ್ಲ, ಎಳೆ ಸಿಗಾಕ್ಕಳ್ಳಲ್ಲ. ನಿಮ್ಮ ಡಾಕ್ಟ್ರಿಗೂ ಗೊತ್ತಿಲ್ಲ ಇದು,” ಎಂದರು. ಒಂದು ಕೈಯಲ್ಲಿ ಹೇಗೆ ಸುತ್ತಿಕೊಂಡಿರೆಂದು ಕೇಳಿದೆ. ಅತ್ತೆ ಕಿಟಕಿಯ ಆಚೆ ಏನೋ ಇದೆಯೆಂಬಂತೆ ಹೊರಗೆ ನೋಡಿದರು.

ನಾನು ಬಿಡದೆ ಬಿಚ್ಚಿಸಿದೆ. ಬೆರಳು ನೀರಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕುಗಟ್ಟಿತ್ತು, ತುದಿ ನೀಲಿಗೆ ತಿರುಗಿತ್ತು. ಮಾವನಿಗೂ ಗಾಬರಿಯಾಯಿತು. ಆದರೂ ತೋರಿಸಿಕೊಳ್ಳಲಿಲ್ಲ. “ಸ್ವಲ್ಪ ಬಿಗಿ ಆಗೈತೆ, ಅಷ್ಟೇ,” ಎಂದರು. ಅರ್ಧ ಗಂಟೆಯಲ್ಲಿ ಬಣ್ಣ ಮರಳಿತು. ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ.

ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೂರುವಾಕೆ ನನಗಿಂತ ಸ್ವಲ್ಪ ದೊಡ್ಡವರು. ಬೆರಳು ನೋಡಿದರು, ಕತೆಯೆಲ್ಲ ಕೇಳಿದರು, ಕರಿ ಟೇಪಿನ ಜಾಗಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡರು.

“ತಗಡು ಕೊಯ್ದು ಮೂರು ದಿನ ಆತಾ? ಟಿಟಿ ಇಂಜೆಕ್ಷನ್ ಆಗೈತಾ?”

“ಇಲ್ಲ,” ಎಂದೆ.

“ಮೊದ್ಲು ಆಸ್ಪತ್ರೆಗೆ ಹೋಗ್ರಿ. ಅದಾದ ಮ್ಯಾಲೆ ಟೇಪಿನ ಮಾತು.”

ಇಂಜೆಕ್ಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದರು. ಹಿಡಿದು ತರಬೇಕಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದ ಹಿಡಿತ ಇನ್ನೂ ನೆನಪಿದೆ. ಡಾಕ್ಟರು ಗಾಯ ನೋಡಿ, ಹೊಲಿಗೆ ಬೇಡ, ಶುದ್ಧವಾಗಿಟ್ಟುಕೊಳ್ಳಿ, ಕೆಂಪಾಗಿ ಊದಿಕೊಂಡರೆ ಅಥವಾ ಕೀವು ಕಂಡರೆ ಕೂಡಲೇ ಬನ್ನಿ ಎಂದರು.

ಮತ್ತೆ ಅಂಗಡಿಗೆ ಬಂದಾಗ ಆಕೆ ಎರಡು ಮೂರು ಸುರುಳಿ ಮುಂದಿಟ್ಟು, ನೀರು ನುಸುಳದ, ಪಾರದರ್ಶಕವಾದ, ತೆಳುವಾದ ಒಂದನ್ನು ಆರಿಸಿದರು. ಕತ್ತರಿಯಿಂದ ಒಂದು ಚೂರು ಕತ್ತರಿಸಿ ಮಾವನ ಮುಂಗೈ ಒಳಭಾಗಕ್ಕೆ ಅಂಟಿಸಿದರು.

“ಒಂದು ತಾಸು ಹಂಗೇ ಇರ್ಲಿ. ಕೆರೆತ, ಗುಳ್ಳೆ ಬಂದ್ರೆ ಈ ಅಂಟು ಇವರಿಗೆ ಆಗಲ್ಲ ಅಂತ ಅರ್ಥ. ಬೇರೆ ಕೊಡ್ತೀನಿ.”

“ಇದು ರೇಷ್ಮೆಗೆ ಸಿಗಾಕ್ಕಳ್ಳತ್ತಾ?” ಮಾವನಿಗೆ ಅದೊಂದೇ ಚಿಂತೆ.

“ಹರೀಬ್ಯಾಡ್ರಿ, ಕತ್ತರಿಸ್ರಿ. ಮೂಲೆ ದುಂಡಗೆ ಮಾಡ್ರಿ. ಚೂಪು ಮೂಲೆನೇ ಮೊದ್ಲು ಏಳೋದು.”

ಮಾವ ಟೇಪಿನ ಹೊರಮೈ ಮೇಲೆ ಹೆಬ್ಬೆರಳಾಡಿಸಿದರು, ಸೀರೆಯ ನೇಯ್ಗೆ ನೋಡುವಂತೆಯೇ. ತಲೆಯಾಡಿಸಿದರು. ಆಕೆ ಉಳಿದದ್ದನ್ನು ನನಗೆ ಹೇಳಿದರು. ಗಾಯದ ಮೇಲೆ ನೇರ ಟೇಪು ಹಾಕಬಾರದು, ಮೊದಲು ಗಾಜ್ ಎಂಬ ಶುದ್ಧವಾದ ಜಾಳು ಬಟ್ಟೆಯ ಸಣ್ಣ ತುಂಡು. ಅದರ ಸುತ್ತಲೂ ಒಣ ಚರ್ಮಕ್ಕೆ ಟೇಪು ಹಿಡಿದಿರಬೇಕು, ಇಲ್ಲವಾದರೆ ನೀರಿಗೆ ದಾರಿ. ಬೆರಳಿಗೆ ಉಂಗುರದಂತೆ ಬಿಗಿಯಬಾರದು. ಉಗುರು ಒತ್ತಿ ಬಿಟ್ಟರೆ ತಕ್ಷಣ ಗುಲಾಬಿ ಬಣ್ಣ ಮರಳಬೇಕು. ದಿನಕ್ಕೊಮ್ಮೆ ಬದಲಿಸಬೇಕು, ಒಳಗೆ ನೀರು ಹೊಕ್ಕರೆ ಆಗಲೇ.

“ತೆಗಿಯುವಾಗ ಸರ್ರಂತ ಎಳೀಬ್ಯಾಡ್ರಿ. ಚರ್ಮ ಒತ್ತಿ ಹಿಡ್ಕಂಡು, ಮೆಲ್ಲಕೆ ಹಿಂದಕ್ಕೆ ಮಡಚ್ತಾ ಬರ್ರಿ,” ಎಂದು ತಮ್ಮ ಕೈ ಮೇಲೆ ಮಾಡಿ ತೋರಿಸಿದರು.

ಕೆರೆತ ಬರಲಿಲ್ಲ. ಅಂದಿನಿಂದ ಬೆಳಗಿನ ಕಾಫಿಯಾದ ಮೇಲೆ ಟೇಪು ಬದಲಿಸುವುದು ನಮ್ಮಿಬ್ಬರ ಕೆಲಸವಾಯಿತು. ನಾನು ತೊಳೆದು, ಒರೆಸಿ, ಗಾಜ್ ಇಡುತ್ತಿದ್ದೆ. ಮೂಲೆ ದುಂಡಗೆ ಕತ್ತರಿಸುವ ಹಕ್ಕು ಮಾತ್ರ ಮಾವನದು. ನಾನು ಕತ್ತರಿಸಿದ್ದು ಅವರಿಗೆ ಒಪ್ಪುತ್ತಿರಲಿಲ್ಲ. “ಇದು ಮೂಲೆ ಅಲ್ಲಮ್ಮ, ಮೊಸಳೆ ಹಲ್ಲು,” ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಆಡದಷ್ಟು ಮಾತು ಆ ಒಂದು ವಾರದಲ್ಲಿ ಬೆರಳಿಗೆ ಟೇಪು ಅಂಟಿಸುತ್ತ ಆಡಿದೆವು. ಅವರು ಮೊದಲ ಬಾರಿ ಮಗ್ಗಕ್ಕೆ ಕುಳಿತದ್ದು, ಅವರಪ್ಪ ಬೈದದ್ದು, ಚಳ್ಳಕೆರೆಗೆ ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟಿನಲ್ಲಿ ಉಪ್ಪೇ ಇರಲಿಲ್ಲವೆಂದು ಯಾರಿಗೂ ಹೇಳದೆ ಉಂಡು ಎದ್ದದ್ದು. ಮುದ್ದೆ ಸಾರಿನಲ್ಲಿ ಅದ್ದಿದರೂ ಟೇಪು ಕದಲಲಿಲ್ಲ. ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಸೀರೆ ಇಳಿಯಿತು. ಬೆಳಕಿಗೆ ಹಿಡಿದು ಮೂವರೂ ಗೇಣುಗೇಣು ನೋಡಿದೆವು. ಎಲ್ಲೂ ಒಂದು ಚುಕ್ಕೆ ಇರಲಿಲ್ಲ.

ಸೀರೆ ಕೊಟ್ಟು ಕಳಿಸಿದ ಮಾರನೆಯ ದಿನ, ಟೇಪಿನ ಸುರುಳಿಯನ್ನು ಕಪಾಟಿನಲ್ಲಿಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು.

“ಅದು ಇನ್ನಾ ಉಳದೈತಾ?”

“ಐತೆ ಅತ್ತೆ. ಯಾಕೆ?”

ಬಲಗೈ ಮುಂದೆ ಚಾಚಿದರು. ಹೆಬ್ಬೆರಳಿನ ಪಕ್ಕ, ತೋರುಬೆರಳಿನ ಗೆಣ್ಣಿನಲ್ಲಿ ಉದ್ದಕ್ಕೆ ಬಿರುಕು. ಒಳಗೆ ಕೆಂಪಗೆ ಕಾಣುತ್ತಿತ್ತು.

“ಇದು ಯಾವಾಗಿಂದ ಅತ್ತೆ?”

“ಪಾತ್ರೆ ತಿಕ್ಕೋ ಕೈ ಅಲ್ವೇನೇ. ಬರ್ತೈತೆ, ಹೋಗ್ತೈತೆ. ಹುಣ್ಸೆಹಣ್ಣು ತಾಗಿದ್ರೆ ಉರೀತೈತೆ, ಅದಕ್ಕೆ ಕೇಳ್ದೆ.”

ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದ್ದೇವೆ. ನಾನು ಒಮ್ಮೆಯೂ ಆ ಕೈ ನೋಡಿರಲಿಲ್ಲ. ಅವರನ್ನು ಮಗ್ಗದ ಕೋಣೆಯ ಕಿಟಕಿಯ ಬಳಿ ಕೂರಿಸಿ, ಬೆಚ್ಚನೆಯ ನೀರಿನಲ್ಲಿ ತೊಳೆದು, ಒತ್ತಿ ಒತ್ತಿ ಒರೆಸಿದೆ. ಗಾಜ್ ತುಂಡು ಇಟ್ಟೆ. ಮಾವ ಲಾಳಿ ಬಿಟ್ಟು, ಕೇಳದೆಯೇ ಕತ್ತರಿ ತೆಗೆದುಕೊಂಡು ಮೂಲೆ ದುಂಡಗೆ ಮಾಡಿಕೊಟ್ಟರು.

“ಬಿಗಿ ಆತಾ?” ಎಂದು ಹೆಂಡತಿಯನ್ನು ಕೇಳಿದರು.

“ಇಲ್ಲ ಬಿಡ್ರಿ,” ಎಂದರು ಅತ್ತೆ. ಬೆರಳು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಎದ್ದು ಬಚ್ಚಲ ಕಡೆ ಹೊರಟವರನ್ನು ನಾನು ತೋಳು ಹಿಡಿದು ಕೂರಿಸಿ, ಆವತ್ತಿನ ಪಾತ್ರೆಗಳನ್ನು ನಾನೇ ತಿಕ್ಕಿದೆ. ಮೂರನೆಯ ಪಾತ್ರೆ ತಿಕ್ಕಿಡುವಷ್ಟರಲ್ಲಿ ಅವರು ಎದ್ದು ಬಂದು, “ತಳ ಸರಿಯಾಗಿ ತಿಕ್ಕಿಲ್ಲ ನೋಡು,” ಎಂದು ಅದನ್ನು ವಾಪಸ್ಸು ಕೊಟ್ಟರು.