ಬಿಸಿಲಿಗಿಟ್ಟ ಸೆಲ್ಲು

ಬಶೀರನ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಕಾರು ಓಡಿಸುವಾಗ ಬೆರಳು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿರುತ್ತದೆ, ಊಟಕ್ಕೆ ಕೂತರೆ ಲೋಟ ತಿರುಗುತ್ತಿರುತ್ತದೆ, ಫೋನು ಹಿಡಿದರೆ ಅಂಗಿಯ ಗುಂಡಿ ಬಿಚ್ಚಿ ಹಾಕಿ ಆಗುತ್ತಿರುತ್ತದೆ. ನಿಕಾಹದ ದಿನ ಕೊರಳಿನ ಹಾರದ ಎಸಳನ್ನೆಲ್ಲ ಕಿತ್ತು ಮಡಿಲಲ್ಲಿ ಗುಡ್ಡೆ ಮಾಡಿಕೊಂಡಿದ್ದನಂತೆ. ಅಂಥ ಕೈಗೆ ಕಾಲೇಜಿನ ದಿನಗಳಿಂದ ಸಿಗರೇಟು ಕೆಲಸ ಕೊಟ್ಟಿತ್ತು. ಆ ಕೆಲಸ ತಪ್ಪಿದ ಮೇಲೆ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲದಲ್ಲಿ. ಅಪ್ಪ ಒಂದು ಟಾಕೀಸಿನಲ್ಲಿ ಗೇಟ್‌ಕೀಪರ್. ಸಿನಿಮಾ ಶುರುವಾದ ಮೇಲೆ ಬಂದವರಿಗೆ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು ಅವರ ಕೆಲಸ. ಬೆಳಗಾದರೆ ಅಪ್ಪ ಬ್ಯಾಟರಿಯ ಹಿಂಬದಿ ತಿರುಗಿಸಿ, ಸೆಲ್ಲುಗಳನ್ನು ಹೊರಗೆ ತೆಗೆದು, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಬಿಸಿಲಿಗೆ ಇಡುತ್ತಿದ್ದರು, ಅಮ್ಮ ಹಪ್ಪಳ ಇಟ್ಟ ಹಾಗೆ. ಕಾಗೆ ಉರುಳಿಸದಂತೆ ಕಾಯುವುದು ಬಶೀರನ ಪಾಲಿಗೆ ಬರುತ್ತಿತ್ತು. "ಬಿಸಿಲು ಕುಡೀಲಿ ಬಿಡು, ಇನ್ನೆರಡು ಆಟ ಓಡ್ತಾವೆ," ಎನ್ನುತ್ತಿದ್ದರು ಅಪ್ಪ. ಓಡುತ್ತಲೂ ಇದ್ದವು. ಮಂಕಾಗಿ ಸತ್ತುಹೋದ ಬೆಳಕು ಸಾಯಂಕಾಲದ ಹೊತ್ತಿಗೆ ಮತ್ತೆ ಹಳದಿಯಾಗಿ ಏಳುವುದನ್ನು ಅವನು ಕಣ್ಣಾರೆ ಕಂಡವನು. ಬಾಲ್ಯದಲ್ಲಿ ಹಾಗೆ ಕಂಡದ್ದು ಮನಸ್ಸಿನಿಂದ ಹೋಗುವುದಿಲ್ಲ.

ನ್ಯೂಜೆರ್ಸಿಗೆ ಬಂದು ಒಂದು ಮನೆ ಸಾಲದ ಕಂಪನಿಯಲ್ಲಿ ಕಾಗದಪತ್ರ ನೋಡುವ ಕೆಲಸಕ್ಕೆ ಸೇರಿದ. ಅಲ್ಲಿದ್ದಷ್ಟು ವರ್ಷವೂ ಸಿಗರೇಟು ಸೇದುವುದಕ್ಕೆ ಆಫೀಸಿನ ಹಿಂಬಾಗಿಲಿತ್ತು. ಮನೆಗೆ ಅದರ ವಾಸನೆ ಅಷ್ಟಾಗಿ ಬರುತ್ತಿರಲಿಲ್ಲ. ಎರಡು ಸಾವಿರದ ಎಂಟರ ಚಳಿಗೆ ಮುಂಚೆ, ಊರೂರಿನಲ್ಲೂ ಸಾಲದ ಮನೆಗಳು ಬಾಗಿಲು ಹಾಕಿಕೊಂಡವು, ಕಂಪನಿಯೂ ಹಾಕಿಕೊಂಡಿತು. ಒಂದು ಶುಕ್ರವಾರ ಎಲ್ಲರಿಗೂ ಒಂದೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮೇಜು ಖಾಲಿ ಮಾಡಿ ಎಂದರು. ಅಲ್ಲಿಂದಾಚೆಗೆ ಬಶೀರ್ ಐಸೆಲಿನ್‌ನ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತ ಸೇದತೊಡಗಿದ. ಕೊನೆಗೆ ಒಂದು ಕಾರ್ ಸರ್ವಿಸಿಗೆ ಸೇರಿ ಜನರನ್ನು ಏರ್‌ಪೋರ್ಟಿಗೆ ಬಿಡುವ ಕೆಲಸ ಹಿಡಿದ. ಆದರೆ ಮನೆಯೊಳಗೆ ಸೇದುವ ಚಾಳಿ ಹೋಗಲಿಲ್ಲ.

ಹೆಂಡತಿ ಖತೀಜಾಗೆ ಮೊದಲೇ ಆಸ್ತಮಾ. ಕಿಟಕಿ ತೆರೆಯಲಾಗದ ಚಳಿಗಾಲ, ಪರದೆಯಲ್ಲೆಲ್ಲ ಹೊಗೆ. ಎರಡು ಚಳಿಗಾಲ ಹೇಗೋ ತಡೆದಳು. ಮೂರನೆಯದರಲ್ಲಿ ಆಂಬುಲೆನ್ಸ್ ಕರೆಸಬೇಕಾಯಿತು. ಆಸ್ಪತ್ರೆಯಿಂದ ಬಂದವಳು ಜಗಳ ಆಡಲಿಲ್ಲ, ಅಳಲಿಲ್ಲ. ಒಂದು ಸೂಟ್‌ಕೇಸಿಗೆ ಬಟ್ಟೆ ತುಂಬಿಕೊಂಡು, ಅಡುಗೆಮನೆಗೆ ಹೋಗಿ ಪ್ರೆಷರ್ ಕುಕ್ಕರ್ ತೆಗೆದುಕೊಂಡಳು.

"ಕುಕ್ಕರ್ ಯಾಕೆ?" ಎಂದ ಬಶೀರ್.

"ನನ್ನ ತವರಿಂದ ತಂದದ್ದು. ಈ ಮನೇಲಿ ಹೊಗೆ ವಾಸನೆ ಹೋದ್ಮೇಲೆ ಇದೂ ಬರುತ್ತೆ, ನಾನೂ ಬರ್ತೀನಿ."

ಹೋದದ್ದು ತನ್ನ ಅಕ್ಕ ಸಲ್ಮಾಳ ಮನೆಗೆ, ನ್ಯೂಯಾರ್ಕಿನ ಕ್ವೀನ್ಸಿನಲ್ಲಿರುವ ಬೆಲ್‌ರೋಸಿಗೆ. ಫೋನು ಮಾತ್ರ ದಿನಾ ಬರುತ್ತಿತ್ತು. ಅನ್ನಕ್ಕೆ ಎಷ್ಟು ನೀರು ಇಟ್ಟಿರಿ, ಕಸ ಹಾಕಿದಿರಾ, ಎಲ್ಲ ವಿಚಾರಣೆ ಆಗುತ್ತಿತ್ತು. ಬಶೀರನ ಮಾತಿನ ಮಧ್ಯೆ ಒಂದು ಉಸಿರು ನಿಂತರೆ ಸಾಕು, "ಎಳೀರಿ ಎಳೀರಿ, ಮುಗಿಸಿ ಮಾತಾಡಿ," ಎಂದು ಇಟ್ಟುಬಿಡುತ್ತಿದ್ದಳು. ಫೋನಿನಲ್ಲೂ ವಾಸನೆ ಹಿಡಿಯುವ ಹೆಂಗಸು.

ಓಕ್ ಟ್ರೀ ರೋಡಿನ ಪಕ್ಕದ ಬೀದಿಯಲ್ಲಿ ಮೊಬೈಲ್ ಕವರು, ಕಾಲಿಂಗ್ ಕಾರ್ಡು ಮಾರುವ ಡೇನಿಯಲ್‌ನ ಅಂಗಡಿಯಿದೆ. ಮಂಗಳೂರಿನವರ ಮಗ, ಇಲ್ಲೇ ಹುಟ್ಟಿ ಬೆಳೆದವನು. ಅವನೇ ಬಶೀರನಿಗೆ ಆ ಕೊಳವೆಯನ್ನು ತೋರಿಸಿದ್ದು. ಸಿಗರೇಟಿನ ಬದಲು ಎಳೆಯುವ ಉಕ್ಕಿನ ಕೊಳವೆ. ಒಳಗೊಂದು ಸೆಲ್ಲು, ತುದಿಯಲ್ಲಿ ನಿಕೋಟಿನ್ ರಸ, ಗುಂಡಿ ಒತ್ತಿದರೆ ರಸ ಕಾದು ಆವಿಯಾಗುತ್ತದೆ. ಬುಡದಲ್ಲಿ ವೋಲ್ಟೇಜು ಏರಿಸಿ ಇಳಿಸುವ ಒಂದು ತಿರುಪು.

"ಅಂಕಲ್, ಲೋ ಅಲ್ಲಿ ಇಟ್ರೆ ಆಲ್ ಡೇ ಬರುತ್ತೆ. ಫುಲ್ ಮಾಡಿದ್ರೆ ಲಂಚ್‌ಗೇ ಡೆಡ್," ಎಂದ ಡೇನಿಯಲ್. ಒಂದು ತೆಗೆದಾಗ ಇನ್ನೊಂದು ಹಾಕಲು ಎರಡು ಸೆಲ್ಲು ಕೊಟ್ಟ. ಗೋಡೆಗೆ ಸಿಕ್ಕಿಸುವ ಚಾರ್ಜರ್ ಕೊಟ್ಟ. "ಪ್ಲೀಸ್, ಕೆಳಗೆ ಬೀಳಿಸ್ಬೇಡಿ."

ಬಶೀರನ ಕೈಗೆ ಸಿಕ್ಕ ವಸ್ತು ಕೆಳಗೆ ಬೀಳದೆ ಇರುವುದುಂಟೇ. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಕಾಯುವ ಜಾಗದಲ್ಲಿ ಬಿತ್ತು, ಮನೆಯ ಮೆಟ್ಟಿಲ ಮೇಲೆ ಬಿತ್ತು. ಕೊಳವೆಯ ಮುಚ್ಚಳ ನೆಗ್ಗಿತು, ಅದನ್ನು ತಿರುಗಿಸಿ ಕೂರಿಸುವ ಮರೆ ಸವೆದು ಸಡಿಲವಾಯಿತು, ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿದ. ಒಂದು ಸೆಲ್ಲಿನ ತಲೆಯೂ ಚಪ್ಪಟೆಯಾಗಿತ್ತು. ಆದರೂ ನಡೆಯುತ್ತಿತ್ತು. ಮನಸ್ಸು ನೆಮ್ಮದಿಯಾಗಿದ್ದ ದಿನ ತಿರುಪು ಕೆಳಗೇ ಇರುತ್ತಿತ್ತು, ಒಂದು ಸೆಲ್ಲಿಗೆ ದಿನ ಕಳೆಯುತ್ತಿತ್ತು. ವಿಮಾನ ತಡವಾಗಿ, ಪೊಲೀಸಿನವನು ಗಾಡಿ ತೆಗಿ ಎಂದು ಗದರಿಸಿದ ದಿನ ತಿರುಪು ಮೇಲಕ್ಕೆ ಹೋಗುತ್ತಿತ್ತು. ಆವಿ ಗಂಟಲಿಗೆ ಸಿಗರೇಟಿನಂತೆಯೇ ಬಡಿಯುತ್ತಿತ್ತು, ಸೆಲ್ಲು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವನ ಒಳಗು ಹೇಗಿದೆಯೆಂದು ನೋಡಲು ಆ ತಿರುಪು ನೋಡಿದರೆ ಸಾಕಿತ್ತು.

ಖತೀಜಾ ಅದನ್ನೂ ಫೋನಿನಲ್ಲೇ ಪತ್ತೆಹಚ್ಚಿದಳು. "ಈಗೇನು ಉಸಿರು ಉದ್ದ ಆಗಿದೆ? ಸಿಗರೇಟಾದ್ರೆ ಬೇಗ ಬಿಡ್ತಿದ್ರಿ."

"ಸಿಗರೇಟು ಬಿಟ್ಟು ಬಹಳ ದಿನ ಆಯ್ತು. ಇದು ಬೇರೆ."

"ಅದೂ ಮನೆಯೊಳಗೆ ಬೇಡ," ಎಂದಳು. "ಬರೋ ಶನಿವಾರ ಬಂದು ನೋಡ್ತೀನಿ. ಪರದೆ ಮೂಸಿ ನೋಡ್ತೀನಿ, ಕಾರೂ ಮೂಸಿ ನೋಡ್ತೀನಿ. ವಾಸನೆ ಇದ್ರೆ ಅದೇ ಕಾರಲ್ಲಿ ವಾಪಸ್ ಇಲ್ಲೇ ತಂದು ಬಿಡ್ಬೇಕು."

ಜುಲೈ ತಿಂಗಳು. ಶುಕ್ರವಾರ ಪೂರ್ತಿ ಬಶೀರ್ ಮನೆ ತೊಳೆದ. ಪರದೆ ಇಳಿಸಿ ಲಾಂಡ್ರಿಗೆ ಹಾಕಿದ, ಗೋಡೆಗೆ ವಿನೆಗರ್ ಹಚ್ಚಿ ಒರೆಸಿದ, ಕಾರಿನ ಸೀಟಿಗೆ ಅಡುಗೆ ಸೋಡ ಉದುರಿಸಿ ತಿಕ್ಕಿದ. ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಹಾಕಲು ಪ್ಲಗ್ ಬೇಕಾಗಿ ಸೆಲ್ಲಿನ ಚಾರ್ಜರ್ ಕಿತ್ತಿಟ್ಟ. ಅದನ್ನು ಮತ್ತೆ ಸಿಕ್ಕಿಸಿದರೆ ತಾನೇ? ಎರಡೂ ಸೆಲ್ಲು ಅರ್ಧ ಹೊಟ್ಟೆಯಲ್ಲೇ ಮಲಗಿದವು.

ಶನಿವಾರ ಬೆಳಿಗ್ಗೆ ಮನ್ರೋದಿಂದ ರಮಾಮಣಿ ಎಂಬ ಹಿರಿಯರನ್ನು ಕೆನಡಿ ಏರ್‌ಪೋರ್ಟಿಗೆ ಬಿಡುವುದಿತ್ತು. ಅಲ್ಲಿಂದ ಬೆಲ್‌ರೋಸು ಹತ್ತಿರ. ಆಕೆಯನ್ನು ಇಳಿಸಿ, ಸಲ್ಮಾ ಆಪಾಳ ಮನೆಯಲ್ಲಿ ಊಟ ಮಾಡಿ, ಖತೀಜಾಳನ್ನು ಕರೆದುಕೊಂಡು ಬರುವುದು ಎಂದು ಲೆಕ್ಕ ಹಾಕಿದ್ದ. ಆದರೆ ವೆರಜಾನೊ ಸೇತುವೆ ದಾಟುತ್ತಲೇ ಬೆಲ್ಟ್ ಪಾರ್ಕ್‌ವೇಯಲ್ಲಿ ಗಾಡಿಗಳು ಕಲ್ಲಾಗಿ ನಿಂತಿದ್ದವು. ರಮಾಮಣಿಯವರು ಹಿಂದೆ ಕೂತು ಪಾಸ್‌ಪೋರ್ಟು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು.

"ಅಲ್ಲಪ್ಪಾ, ಪ್ಲೇನು ನಮ್ಮನ್ನ ಬಿಟ್ಟು ಹೋಗಲ್ಲ ತಾನೆ?"

"ಹೋಗಲ್ಲ ಆಂಟಿ."

"ನಿನ್ನ ಕೈ ನೋಡಿದ್ರೆ ಹೋಗುತ್ತೆ ಅನ್ನೋ ಹಾಗಿದೆಯಲ್ಲ."

ಬಶೀರ್ ಸ್ಟಿಯರಿಂಗ್ ಮೇಲಿನ ತಾಳ ನಿಲ್ಲಿಸಿದ. ಪ್ಯಾಸೆಂಜರ್ ಇರುವಾಗ ಕೊಳವೆ ಮುಟ್ಟುವುದಿಲ್ಲವೆಂಬ ನೇಮ ಇತ್ತು. ಆಕೆಯನ್ನು ಇಳಿಸಿ, ಬ್ಯಾಗು ತಳ್ಳುಗಾಡಿಗೆ ಹಾಕಿಕೊಟ್ಟು, ಕಾರಿನಿಂದ ಆಚೆ ನಿಂತು, ತಿರುಪನ್ನು ಕೊನೆಯವರೆಗೂ ಏರಿಸಿ ಎಳೆದ. ಮನೆ ತೊಳೆದದ್ದು ಸಾಕೋ ಇಲ್ಲವೋ, ಪರದೆಯ ಅಂಚು ಒಣಗಿತ್ತೋ ಇಲ್ಲವೋ, ಎಲ್ಲ ಒಟ್ಟಿಗೇ ತಲೆಗೆ ನುಗ್ಗುತ್ತಿತ್ತು. ಕೊಳವೆಯ ಗುಂಡಿಯ ದೀಪ ಮಿಣುಕಿ ಆರಿತು. ಇನ್ನೊಂದು ಸೆಲ್ಲು ಹಾಕಿದ. ಅದೂ ನಾಲ್ಕು ಎಳೆತಕ್ಕೆ ಆರಿತು. ಆಗ ನೆನಪಾಯಿತು ಕಿತ್ತಿಟ್ಟ ಚಾರ್ಜರ್.

ಬೆಲ್‌ರೋಸಿನ ಹಿಲ್‌ಸೈಡ್ ಅವೆನ್ಯೂಗೆ ಬಂದು ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಖತೀಜಾಗೆ ಮಾವಿನಹಣ್ಣು ಕೊಳ್ಳಬೇಕು. ಬಿಸಿಲು ಮುಂದಿನ ಗಾಜಿನ ಮೇಲೆ ನೆಟ್ಟಗೆ ಬೀಳುತ್ತಿತ್ತು. ಕೈಯಲ್ಲಿ ಎರಡು ಸತ್ತ ಸೆಲ್ಲು. ಅವನು ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು. ಡ್ಯಾಶ್‌ಬೋರ್ಡಿನ ಮೇಲೆ ಎರಡನ್ನೂ ಜೋಡಿಸಿ ಮಲಗಿಸಿ, ಉರುಳದಂತೆ ಕರವಸ್ತ್ರ ಒತ್ತುಕೊಟ್ಟು, ಕಿಟಕಿ ಏರಿಸಿ ಬೀಗ ಹಾಕಿದ. ಬಿಸಿಲು ಕುಡೀಲಿ. ಒಂದೆರಡು ಎಳೆತಕ್ಕೆ ಬಂದರೂ ಸಾಕು, ಅವಳ ಎದುರು ಕೈ ಸುಮ್ಮನಿದ್ದರೆ ಸಾಕು.

ಅಂಗಡಿಯಲ್ಲಿ ಜನ. ಹಣ್ಣು ಮೂಸಿ ನೋಡಿ ಆರಿಸಿ, ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಸಾಕಷ್ಟು ಹೊತ್ತಾಗಿತ್ತು. ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆರೆದ ಹಾಗೆ ಝಳ ಹೊಡೆಯಿತು. ಅದರ ಹಿಂದೆಯೇ ವಾಸನೆ. ಸಿಹಿಯಾಗಿ, ಮೂಗಿಗೆ ಚುಚ್ಚುವಂತೆ, ನೇಲ್ ಪಾಲಿಷ್ ತೆಗೆಯುವ ನೀರಿನಂಥ ವಾಸನೆ. ಚಪ್ಪಟೆ ತಲೆಯ ಸೆಲ್ಲು ಒಡೆದು ರಸ ಕಾರಿತ್ತು. ಕರವಸ್ತ್ರದಿಂದ ಡ್ಯಾಶ್‌ಬೋರ್ಡಿನವರೆಗೆ ಒದ್ದೆ ಕಲೆ. ಇನ್ನೊಂದರ ಮೇಲಿನ ಪ್ಲಾಸ್ಟಿಕ್ಕು ಸುರುಟಿತ್ತು, ಮುಟ್ಟಿದರೆ ಬೆರಳು ಸುಟ್ಟಿತು. ಕರವಸ್ತ್ರ ಸಮೇತ ಎರಡನ್ನೂ ತೆಗೆದು ರಸ್ತೆಯ ಅಂಚಿನ ಸಿಮೆಂಟಿನ ಮೇಲಿಟ್ಟು, ನಾಲ್ಕೂ ಬಾಗಿಲು ತೆರೆದು ನಿಂತ. ಅರ್ಧ ದಿನ ಸೋಡ ಹಾಕಿ ತಿಕ್ಕಿದ ಕಾರು. ವಾಸನೆ ಹೋಗಲೊಲ್ಲದು. ಅಪ್ಪನ ಗೋಡೆಯ ಮೇಲೆ ಎಂದೂ ಹೀಗಾಗಿರಲಿಲ್ಲ. ಆ ಸೆಲ್ಲೇ ಬೇರೆ, ಆ ಗೋಡೆಗೆ ಗಾಜಿನ ಮುಚ್ಚಳವೂ ಇರಲಿಲ್ಲ ಎಂಬುದು ಈಗ ಹೊಳೆದು ಏನು ಬಂತು.

ಹೇಗೂ ಅವಳು ಬರುವುದಿಲ್ಲ. ಇಷ್ಟು ವಾಸನೆಯ ಕಾರಿಗೆ ಕಾಲಿಡುವುದೇ ಇಲ್ಲ. ಹೇಗೂ ಬರುವುದಿಲ್ಲ ಎಂದಮೇಲೆ ಇನ್ನು ಯಾರಿಗಾಗಿ ತಡೆಯಬೇಕು? ಹೀಗೆ ಅಂದುಕೊಳ್ಳುತ್ತಿದ್ದಂತೆ ಕಾಲು ಮೂಲೆಯ ಅಂಗಡಿಗೆ ನಡೆಯಿತು. ಸಿಗರೇಟು ಪ್ಯಾಕು ಕೈಗೆ ಬಂತು. ಬೆರಳಿಗೆ ಎಷ್ಟೋ ದಿನದ ಮೇಲೆ ಪರಿಚಯದ ಕೆಲಸ ಸಿಕ್ಕಿತು. ಕಾಗದ ಹರಿದು, ಒಂದನ್ನು ಎಳೆದು, ತುಟಿಗಿಟ್ಟ. ಬೆಂಕಿಯಿಲ್ಲ. ಕಾರಿನ ಲೈಟರನ್ನು ಅವನೇ ಕಿತ್ತು ಎಸೆದಿದ್ದ. ಬಸ್ ಸ್ಟಾಪಿನಲ್ಲಿ ಒಬ್ಬಾತ ಸೇದುತ್ತ ನಿಂತಿದ್ದ. ಅವನ ಕಡೆಗೆ ನಡೆಯುವಾಗ ಫೋನು ಬಂತು.

"ಎಲ್ಲಿದ್ದೀರಿ?" ಖತೀಜಾ.

"ಇಲ್ಲೇ. ಹಿಲ್‌ಸೈಡಲ್ಲಿ. ಮಾವಿನಹಣ್ಣು ತಗೊಂಡೆ."

"ಮಾತು ತುಟಿಗೆ ತಾಕಿ ಬರ್ತಿದೆಯಲ್ಲ. ಬಾಯಲ್ಲಿ ಏನಿದೆ?"

ಸುಳ್ಳು ಹೇಳಬಹುದಿತ್ತು. ಕಡ್ಡಿ ಎನ್ನಬಹುದಿತ್ತು. "ಸಿಗರೇಟು," ಎಂದ ಬಶೀರ್. "ಹಚ್ಚಿಲ್ಲ."

"ಹಚ್ಚಿಲ್ಲ?"

"ಇಲ್ಲ. ಕೊಳವೆ ಸೆಲ್ಲು ಹಾಳಾಯ್ತು. ಕಾರೆಲ್ಲ ವಾಸನೆ. ನೀನು ಬರಲ್ಲ ಅಂತ ಗೊತ್ತು."

"ನಾನು ಬರಲ್ಲ ಅಂತ ನಿಮಗೆ ಯಾರು ಹೇಳಿದ್ರು?" ಅವಳ ದನಿ ಏರಲಿಲ್ಲ. "ನೋಡಿ, ಹಚ್ಚೋದಾದ್ರೆ ಅಲ್ಲಿಂದಲೇ ಮನೆಗೆ ಹೋಗಿ. ಹಚ್ಚೋದಿಲ್ಲ ಅಂದ್ರೆ ಬನ್ನಿ, ಬಿರಿಯಾನಿ ಆರ್ತಾ ಇದೆ. ಆಪಾ ಮೂರು ಸಲ ಬಾಗಿಲು ನೋಡಿ ಬಂದ್ಳು."

ಬಸ್ ಸ್ಟಾಪಿನಾತ ತಾನಾಗಿಯೇ ಲೈಟರ್ ಚಾಚಿದ್ದ. ಆ ಪುಟ್ಟ ಬೆಂಕಿ ಗಾಳಿಗೆ ಬಾಗಿ ಏಳುತ್ತಿತ್ತು. ಬಶೀರ್ ಅದನ್ನೇ ನೋಡುತ್ತ ನಿಂತ. ಆಮೇಲೆ ಪ್ಯಾಕನ್ನು ಪೂರ್ತಿಯಾಗಿ ಆತನ ಕೈಗೆ ಕೊಟ್ಟ, ತುಟಿಯಲ್ಲಿದ್ದದ್ದನ್ನೂ ತೆಗೆದು ಅದರೊಳಗೆ ಸಿಕ್ಕಿಸಿದ. ಆತ ಏನೋ ಕೇಳಿದ. ಬಶೀರ್ ಆಗಲೇ ಕಾರಿನತ್ತ ಹೊರಟಿದ್ದ.

ಊಟದಲ್ಲಿ ಅವನಿಗೆ ರುಚಿ ಗೊತ್ತಾಗಲಿಲ್ಲ. ಸಲ್ಮಾ ಬಡಿಸುತ್ತ, "ಬಶೀರ್ ಭಾಯ್, ಆ ಲೋಟಕ್ಕೆ ತಲೆ ಸುತ್ತು ಬಂದಿರುತ್ತೆ, ಬಿಡಿ," ಎಂದಳು. ಕೈ ತೊಳೆದು ಎಲ್ಲರೂ ಕೆಳಗೆ ಬಂದರು. ಖತೀಜಾ ಕಾರಿನ ಬಾಗಿಲು ತೆಗೆದು, ತಲೆ ಮಾತ್ರ ಒಳಗೆ ಹಾಕಿ, ಕಣ್ಣು ಮುಚ್ಚಿ ಮೂಸಿದಳು. ಸೀಟು, ಮೇಲ್ಚಾವಣಿ, ಡ್ಯಾಶ್‌ಬೋರ್ಡು. ಬಶೀರ್ ಕೀಲಿಗೊಂಚಲು ತಿರುಗಿಸುತ್ತ ನಿಂತಿದ್ದ.

"ಇದು ಹೊಗೆ ಅಲ್ಲ," ಎಂದಳು ಕೊನೆಗೆ. "ಇದೇನ್ರೀ ಇದು?"

"ಸೆಲ್ಲು. ಬಿಸಿಲಿಗಿಟ್ಟಿದ್ದೆ."

ಅವಳು ತಲೆ ಹೊರಗೆ ತೆಗೆದು ಅವನ ಮುಖ ನೋಡಿದಳು. "ಬಿಸಿಲಿಗೆ. ಮಾವನವರು ಇಡ್ತಿದ್ರಲ್ಲ, ಹಾಗೆ."

"ಹ್ಞೂಂ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕೆಮ್ಮು ಬಂತು, ಪರ್ಸಿನಿಂದ ಆಸ್ತಮಾದ ಪಂಪ್ ತೆಗೆದು ಎರಡು ಸಲ ಎಳೆದುಕೊಂಡಳು. ಬಶೀರನ ಮುಖ ಬಿಳಿಚಿತು.

"ಹೆದರ್ಬೇಡಿ, ನಗೋದಕ್ಕೆ ಬಂದದ್ದು," ಎಂದಳು ಉಸಿರು ಸರಿಯಾದ ಮೇಲೆ. "ಕಾಗೆ ಕಾಯೋಕೆ ಯಾರನ್ನಿಟ್ಟಿದ್ರಿ?"

ನಾಲ್ಕೂ ಕಿಟಕಿ ಇಳಿಸಿಯೇ ಹೋಗಬೇಕೆಂದು ಅಪ್ಪಣೆಯಾಯಿತು. ಮನೆಯ ಪರದೆಯ ಪರೀಕ್ಷೆ ಇನ್ನೂ ಇದೆ ಎಂದೂ ಹೇಳಿದಳು. ಸೂಟ್‌ಕೇಸು ಡಿಕ್ಕಿಗೆ ಹೋಯಿತು. ಸಲ್ಮಾ ಒಳಗೆ ಹೋಗಿ ಕುಕ್ಕರ್ ತಂದು ತಂಗಿಯ ಮಡಿಲಿಗಿಟ್ಟಳು. ಬಶೀರ್ ಅದನ್ನು ನೋಡಿ ಕಾರು ಸ್ಟಾರ್ಟ್ ಮಾಡಿದ.

ಕ್ರಾಸ್ ಐಲ್ಯಾಂಡ್ ಪಾರ್ಕ್‌ವೇ ಸೇರುವಷ್ಟರಲ್ಲಿ ಅವನ ಬೆರಳು ಮತ್ತೆ ಶುರುಮಾಡಿದ್ದವು. ಖಾಲಿ ಜೇಬಿಗೆ ಹೋಗಿ ಬಂದವು, ಗೇರಿಗೆ ಹೋದವು, ಎಲ್ಲೂ ನಿಲ್ಲಲಿಲ್ಲ. ಗಾಳಿಗೆ ಖತೀಜಾಳ ದುಪಟ್ಟಾ ಹಾರುತ್ತಿತ್ತು. ಅವಳು ಒಂದು ಕೈಯಿಂದ ದುಪಟ್ಟಾ ಹಿಡಿದು, ಇನ್ನೊಂದು ಕೈಯಿಂದ ಕುಕ್ಕರಿನ ವಿಷಲ್ಲು ಕಿತ್ತು ಅವನ ಅಂಗೈಗೆ ಹಾಕಿದಳು.

"ತಗೊಳ್ಳಿ. ಇದಕ್ಕೆ ಚಾರ್ಜ್ ಬೇಕಾಗಿಲ್ಲ. ಬೀಳಿಸಿದ್ರೆ ಮಾತ್ರ ಅನ್ನ ಇಲ್ಲ."

ತಣ್ಣಗೆ, ಭಾರವಾಗಿ ಅದು ಅಂಗೈಯಲ್ಲಿ ಕೂತಿತು. ಮುಂದೆ ಸೇತುವೆಯ ಕಡೆಗೆ ಗಾಡಿಗಳು ಮತ್ತೆ ಸಾಲು ನಿಂತಿದ್ದವು. ಬಶೀರ್ ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಲ್ಲಿ ವಿಷಲ್ಲನ್ನು ತಿರುಗಿಸುತ್ತ, ಮೊದಲು ಬೇಗ, ಆಮೇಲೆ ನಿಧಾನವಾಗಿ ತಿರುಗಿಸುತ್ತ, ಐಸೆಲಿನ್‌ವರೆಗೂ ಹಾಗೆಯೇ ಹೋದ.