ಸೀಗಡಿಯ ಹೊಗೆ

ಬೌದ್ಧ ಧರ್ಮ ಹೋದಲ್ಲೆಲ್ಲ ಹಾಲಿನಲ್ಲಿ ಸಕ್ಕರೆಯ ಹಾಗೆ ಕರಗಿತು, ಯಾರ ದೇವರನ್ನೂ ಓಡಿಸಲಿಲ್ಲ, ಎಲ್ಲರ ರೂಢಿಯನ್ನೂ ಒಳಗೆ ಕರೆದುಕೊಂಡಿತು ಎನ್ನುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಈ ಮಾತಿನ ಪರ ವಾದಿಸಿ ಗೆದ್ದಿದ್ದೇನೆ. ಈಗ ನಂಬುವುದಿಲ್ಲ. ಕರೆದುಕೊಂಡಿತು, ಸರಿ. ಕರೆಯುವಾಗ ಮನೆಯೊಳಗೆ ಯಾರೂ ಬೇಡ ಅನ್ನಲಿಲ್ಲವೆ? ಅಂದವರ ಮಾತು ಎಲ್ಲಿ ಹೋಯಿತು?

ನಮ್ಮ ಮನೆಯಲ್ಲಿ ಬೇಡ ಅಂದವನು ಅಪ್ಪ. ದಾಂಡೇಲಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹಳಿಯಾಳದ ಕಡೆಯ ತನ್ನ ಊರಲ್ಲಿ ಗುಡಿಯ ಹೊರಗೆ ನಿಂತು ನಿಂತು ಬೇಸತ್ತು, ಮದುವೆಗೆ ಮುಂಚೆಯೇ ಗೆಳೆಯರ ಜೊತೆ ಬೌದ್ಧನಾದವನು. ಅವನ ಬುದ್ಧನಿಗೆ ಕಾಯಿ ಇಲ್ಲ, ಕರ್ಪೂರ ಇಲ್ಲ. ಗೋಡೆಗೊಂದು ಚಿತ್ರ, ಅದರ ಕೆಳಗೆ ಪುಸ್ತಕದ ಕಪಾಟು. ಪಂಚಶೀಲ ಹೇಳಿದರೆ ಮುಗಿಯಿತು. ಸತ್ತವರಿಗೆ ಎಡೆ ಇಡುವುದನ್ನು ಕಂಡರಂತೂ ಉರಿದುಬೀಳುತ್ತಿದ್ದ. "ಬದುಕಿದ್ದಾಗ ಊರವರು ಬಾವಿ ಮುಟ್ಟಗೊಡಲಿಲ್ಲ, ಸತ್ತ ಮ್ಯಾಲೆ ನಮ್ಮವರು ಕಾಗಿ ಕೈಲೆ ಊಟ ಕಳಸ್ತಾರ" ಅನ್ನುತ್ತಿದ್ದ. ಹೋದ ವರ್ಷ ಆಸ್ಪತ್ರೆಯಲ್ಲಿ ಅವ್ವನ ಕೈ ಹಿಡಿದು ಕೇಳಿಕೊಂಡದ್ದೂ ಇದೊಂದನ್ನೇ: "ನನಗ ಎಡಿ ಇಡಬ್ಯಾಡ." ಅವ್ವ ಹೂಂ ಅಂದಳು.

ಮಾತು ಉಳಿಸಿಕೊಂಡಳು. ಆದರೆ ಅವಳಿಗೇ ಊಟ ಸೇರದಾಯಿತು. ತಾಟಿನ ಮುಂದೆ ಕೂತು, "ಅವ್ರು ಏನ್ ಉಂಡ್ರೋ ಏನೋ" ಎಂದು ರೊಟ್ಟಿ ಮುರಿಯದೆ ಎದ್ದುಬಿಡುವಳು. ಕುಪ್ಪಸ ಸಡಿಲಾಗುತ್ತ ಬಂತು. ಡಾಕ್ಟರು ಶಕ್ತಿಗೆ ಗುಳಿಗೆ ಕೊಟ್ಟರು. ಊರು ಬದಲಾದರೆ ನೋಡೋಣ ಎಂದು ನಾನು ಅವಳನ್ನು ತವರಿಗೆ ಕರೆದುಕೊಂಡು ಹೋದೆ. ತವರು ಮುಂಡಗೋಡದ ಹತ್ತಿರ, ಟಿಬೆಟಿಯನ್ನರ ಕ್ಯಾಂಪಿನ ಪಕ್ಕದ ಹಳ್ಳಿ. ಹುಡುಗಿಯಾಗಿದ್ದಾಗ ಅವ್ವ ಕ್ಯಾಂಪಿನ ಒಂದು ಮನೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಆ ಮನೆಯ ಮಗಳು ಅವ್ವನಿಗಿಂತ ತುಸು ದೊಡ್ಡವಳು, ಅಂದಿನಿಂದಲೂ ಇವಳಿಗೆ "ಅಕ್ಕ". ಚಳಿಗಾಲ ಬಂದರೆ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಾಳೆ. ಕನ್ನಡ ಕಲಿತದ್ದೂ ಅಲ್ಲಿಯೇ, ಚೌಕಾಶಿ ಮಾಡುತ್ತ.

ಅಕ್ಕ ಅವ್ವನ ಮುಖ ನೋಡಿದವಳೇ ಕೇಳಿದಳು: "ಹೊಗಿ ಹಾಕೀಯೇನು, ಇಲ್ಲೇನು?"

"ಯಾತರ ಹೊಗಿ?"

"ಸತ್ತವರಿಗೆ ಬಾಯಿ ಎಲ್ಲೈತಿ? ಮೂಗ ಅಷ್ಟ. ವಾಸನಿ ತಿಂತಾರ. ಕೆಂಡದ ಮ್ಯಾಲೆ ಹುರದ ಹಿಟ್ಟು, ಬೆಣ್ಣಿ, ಸಕ್ರಿ ಹಾಕು. ಗಂಡನ ಹೊಟ್ಟಿ ತುಂಬತೈತಿ, ನಿಂದೂ ತುಂಬತೈತಿ."

ಅವ್ವನ ಕಣ್ಣು ಅರಳಿದ್ದು ಕಂಡೇ ನಾನು ನಡುವೆ ಬಾಯಿ ಹಾಕಿದೆ. "ಅವ್ವಾ, ಅಪ್ಪ ಬ್ಯಾಡ ಅಂದಿದ್ದ."

"ಎಡಿ ಬ್ಯಾಡ ಅಂದಿದ್ರು. ಇದು ಎಡಿ ಅಲ್ಲ, ಹೊಗಿ."

"ಎರಡೂ ಒಂದ ಅಲ್ಲೇನು? ಸತ್ತವರು ಉಣ್ಣಂಗಿಲ್ಲ ಅನ್ನೂದು ಅವನ ಮಾತು."

"ಅಕ್ಕನೂ ಬುದ್ಧನ ಪೈಕಿನ ಅಲ್ಲೇನ? ನಿಮ್ಮಪ್ಪನ ಬುದ್ಧ ಬ್ಯಾರೆ, ಇವರ ಬುದ್ಧ ಬ್ಯಾರೆ ಏನು? ಹೇಳು, ಭಾಷಣದಾಗ ಕಪ್ ತರಾಕಿ ನೀನ!"

ಬೇರೆ ಎಂದರೆ, ಎಲ್ಲಿ ಹೋದರೂ ನಾವು ಬುದ್ಧನ ಮನೆಯವರೇ ಎಂದು ಅಪ್ಪ ಕಟ್ಟಿಕೊಂಡ ನೆಂಟಸ್ತಿಕೆ ಹರಿಯುತ್ತದೆ. ಒಂದೇ ಎಂದರೆ ಹೊಗೆ ಏಳುತ್ತದೆ.

ಮರುದಿನ ಬೆಳಿಗ್ಗೆ ಅಕ್ಕನ ಅಂಗಳದಲ್ಲಿ ಹಳೆಯ ಹಂಚಿನ ಮೇಲೆ ಕೆಂಡ ಸುರಿದರು. ಹಿಟ್ಟು ಬಿತ್ತು, ಬೆಣ್ಣೆ ಬಿತ್ತು. ಅಕ್ಕ ತನ್ನ ಭಾಷೆಯಲ್ಲಿ ಏನೋ ಗುನುಗತೊಡಗಿದಳು. ಅಷ್ಟರಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಮುಷ್ಟಿ ಒಣ ಸೀಗಡಿಯನ್ನು ಕೆಂಡಕ್ಕೆ ಸುರಿದಳು. ಅಪ್ಪನಿಗೆ ಸೀಗಡಿ ಚಟ್ನಿ ಇದ್ದರೆ ಬೇರೆ ಪಲ್ಯ ಬೇಡವಾಗಿತ್ತು. ಅವ್ವ ಅದನ್ನು ಬರುವ ದಾರಿಯಲ್ಲಿ ಹಳಿಯಾಳದ ಸಂತೆಯಲ್ಲೇ ಕೊಂಡು, ಯಾಕೆಂದು ಹೇಳದೆ ಇಲ್ಲಿಯವರೆಗೆ ತಂದಿದ್ದಳು.

ಅಕ್ಕ ಕಿರುಚಿಕೊಂಡಳು. "ಅಯ್ಯೋ! ಏನ್ ಹಾಕಿದಿ ಇದನ್ನ?"

"ನೀವೂ ಮಾಂಸ ತಿಂತೀರಿ ಅಲ್ಲ?"

"ದೊಡ್ಡ ಪ್ರಾಣಿ ತಿಂತೀವಿ. ಒಂದ ಜೀವ ಹೋದ್ರ ಇಡೀ ಮನಿ ಉಣ್ಣತೈತಿ. ಇದು ನೋಡು, ಒಂದು ಮುಷ್ಟಿಯೊಳಗ ಎಷ್ಟು ಜೀವ! ಗಂಡಗ ಪುಣ್ಯ ಕೊಡಾಕ ಬಂದೀಯೋ, ಪಾಪ ಹೊರಸಾಕೋ?"

ಅವ್ವ ಬಗ್ಗಲಿಲ್ಲ. "ನಿಮ್ಮೂರಾಗ ಯಾವ ಹಿಟ್ಟು ಹಾಕತಿದ್ರಿ?"

"ಜವೆಗೋಧಿ."

"ಇದು?"

"ಗೋವಿನಜೋಳ. ನಮ್ಮವ್ವ ಇಲ್ಲಿ ಬಂದಾಗ ಜವೆ ಎಲ್ಲಿ ಸಿಗತಿತ್ತು?"

"ನಿಮ್ಮವರಿಗೆ ಗೋವಿನಜೋಳ ನಡದೈತಿ, ನಮ್ಮವರಿಗೆ ಸೀಗಡಿ ನಡಿಯಂಗಿಲ್ಲ? ಅವ್ರು ಗೋವಿನಜೋಳದ ಹಿಟ್ಟಿನ ವಾಸನಿಗೆ ಬರೂ ಪೈಕಿ ಅಲ್ಲ ಅಕ್ಕಾ, ಸೀಗಡಿ ಸುಟ್ರ ಮಿಲ್ ಗೇಟಿನಿಂದ ಓಡಿ ಬರತಿದ್ರು."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಒಂದು ಕಡ್ಡಿಯಿಂದ ಸೀಗಡಿಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತಲೇ ನಕ್ಕಳು. ಅಷ್ಟರಲ್ಲಿ ವಾಸನೆ ಬೀದಿ ದಾಟಿತ್ತು. ಎದುರುಮನೆಯವರು ಕಿಟಕಿ ಮುಚ್ಚಿದರು.

ಆ ಮಧ್ಯಾಹ್ನ ಅವ್ವ ಎರಡು ರೊಟ್ಟಿ ಉಂಡಳು. ಅದನ್ನು ನಾನು ಅಲ್ಲಗಳೆಯಲಾರೆ. ಉಂಡು ಕೈ ತೊಳೆದು, ಇನ್ನು ಮೇಲೆ ದಾಂಡೇಲಿಯ ಮನೆಯಲ್ಲಿಯೂ, ಆ ಬುದ್ಧನ ಚಿತ್ರದ ಮುಂದೆಯೇ ಹೊಗೆ ಹಾಕುತ್ತೇನೆ ಎಂದಳು. ಅಪ್ಪ ಮೊಳೆ ಹೊಡೆದು ತೂಗಿಸಿದ ಚಿತ್ರದ ಮುಂದೆ! ನಾನು ಕೂಗಾಡಿದೆ. ಕೊನೆಗೆ ಒಂದು ಒಪ್ಪಂದವಾಯಿತು: ಅಕ್ಕನ ತಮ್ಮನ ಮಗ ಅಲ್ಲಿನ ಮಠದಲ್ಲಿ ಓದಿದ ಭಿಕ್ಷು. ಅವನು ಇದು ತಪ್ಪು ಅಂದರೆ ಅವ್ವ ಬಿಡಬೇಕು, ತಪ್ಪಿಲ್ಲ ಅಂದರೆ ನಾನು ಬಾಯಿ ಮುಚ್ಚಬೇಕು.

ನಾವು ಹೋದಾಗ ಮಠದ ಅಂಗಳದಲ್ಲಿ ವಾದ ನಡೆದಿತ್ತು. ಅವರ ಓದೇ ಹಾಗೆ: ಒಬ್ಬ ನೆಲದ ಮೇಲೆ ಕೂರುತ್ತಾನೆ, ಇನ್ನೊಬ್ಬ ಅವನ ಎದುರು ನಿಂತು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಕೂತವನ ಮುಖದ ಮುಂದೆ ಚಪ್ಪಾಳೆ ಹೊಡೆಯುತ್ತಾನೆ. ಕೂತವನು ಉತ್ತರ ಕೊಡಲೇಬೇಕು, ತಡವರಿಸಿದರೆ ಸುತ್ತಲಿದ್ದವರು ಕೂಗಿ ಕಾಡುತ್ತಾರೆ. ಬೆಲ್ಲು ಹೊಡೆಯುವವರೆಗೂ ನಿಂತು ಮಾತಾಡುವ ನಮ್ಮ ಸ್ಪರ್ಧೆಗಳಿಗಿಂತ ಇದು ಎಷ್ಟೋ ಪ್ರಾಮಾಣಿಕ ಅನ್ನಿಸಿತು.

ಭಿಕ್ಷು ಕ್ಯಾಂಪಿನಲ್ಲೇ ಹುಟ್ಟಿದವನು, ಮಾತು ಥೇಟ್ ಮುಂಡಗೋಡದ್ದು. ನಮ್ಮನ್ನು ಮರದ ಕಟ್ಟೆಗೆ ಕರೆದು ಕೂರಿಸಿ, ಎಲ್ಲವನ್ನೂ ಕೇಳಿಕೊಂಡ.

"ಇದನ್ನ ಬುದ್ಧ ಹೇಳ್ಯಾನ ಅಂತ ನಾ ಅನ್ನಂಗಿಲ್ರೀ. ನಮ್ಮ ಹಿರ್ಯಾರು ಗುಡ್ಡದಾಗ ಮೊದಲಿಂದನೂ ಹೊಗಿ ಹಾಕತಿದ್ರಂತ. ಧರ್ಮ ಬಂದಾಗ ಗುರುಗಳು ಬಿಡಸಾಕ ಹೋಗಲಿಲ್ಲ. ಹಾಕ್ರಿ, ಆದ್ರ ನಿಮ್ಮವರಿಗಷ್ಟ ಅಲ್ಲ, ಹಸದ ಜೀವ ಎಲ್ಲಾಕ್ಕೂ ಮುಟ್ಟಲಿ ಅಂತ ಹಾಕ್ರಿ ಅಂದ್ರು. ಹಂಗ ಅದು ನಮ್ಮದಾತು."

"ಹಂಗಾರ ತಪ್ಪಿಲ್ಲಲ್ರೀ ಲಾಮಾರ?" ಅವ್ವ ಆಗಲೇ ಸೆರಗು ಸರಿಪಡಿಸಿಕೊಂಡು ಏಳುವುದರಲ್ಲಿದ್ದಳು.

"ತಪ್ಪೇನಿಲ್ರೀ. ಸೀಗಡಿ ಅಷ್ಟ ಬ್ಯಾಡ್ರೀ ಯವ್ವಾ."

ಒಪ್ಪಂದದ ಪ್ರಕಾರ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ಅವನು ಕಟ್ಟೆಯಿಂದ ಇಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ತಂಗೀ, ನಿನ್ನ ಮಾರಿ ನೋಡಿದ್ರ ಇನ್ನೂ ಏನೋ ಉಳದೈತಿ. ಕೇಳು. ಕುಂತವ ಉತ್ತರ ಕೊಡಬೇಕು" ಎಂದು ನಕ್ಕ. ಅವ್ವ ನನ್ನ ತೋಳು ಹಿಡಿದು ಎಳೆದಳು. ನಾನು ಎದ್ದು ನಿಂತೆ.

"ಬಿಡಸಾಕ ಹೋಗಲಿಲ್ಲ ಅಂದ್ರಿ. ನಮ್ಮಪ್ಪ ಬುದ್ಧನ ಹತ್ರ ಬಂದಿದ್ದ ಇದನ್ನೆಲ್ಲಾ ಬಿಡಾಕ. ನಿಮ್ಮ ಗುಡ್ಡದಾಗ ಧರ್ಮ ಹೊಗಿ ಕೂಡಿಸಿಕೊಂಡು ಬೆಳೀತು, ನಮ್ಮ ಕೇರಿಯಾಗ ಎಡಿ ಬಿಟ್ಟು ಬೆಳೀತು. ನಾಳೆ ನಮ್ಮವ್ವ ಅವ ತೂಗಹಾಕಿದ ಬುದ್ಧನ ಚಿತ್ರದ ಮುಂದ ಕೆಂಡ ಇಡತಾಳ, ಹೊಟ್ಟಿ ತುಂಬ ಉಣತಾಳ, ನಾನೂ ಬ್ಯಾಡ ಅನ್ನಂಗಿಲ್ಲ. ಆದ್ರ ನಿಮ್ಮ ಹೊಗಿಗೆ ಜಾಗಾ ಕೊಟ್ಟ ಧರ್ಮದಾಗ, ನಮ್ಮಪ್ಪ ಬ್ಯಾಡ ಅಂದಿದ್ದಕ್ಕ ಜಾಗಾ ಎಲ್ಲೈತ್ರಿ?"